ಕೂಸು ಹುಟ್ಟುವ ಮುನ್ನ ಕುಲಾವಿ, ಕುಲಾವಿ ಹೊಲಿಯುವ ಮುನ್ನ ಲಾಭ

ಸುಳ್ಳು ಲೆಕ್ಕ ಬರೆದು ಮೇಲೆ ಬರುವ ಹಂಬಲವಿರುವ ಬಿ.ಕಾಂ. ಹುಡುಗರಿಗೆ ಒಂದು ಬಿಟ್ಟಿ ಸಲಹೆ: ಬಟ್ಟೆ ಕಂಪನಿ ಸೇರಿ. ಸಿಮೆಂಟು, ಕಬ್ಬಿಣ, ಸಕ್ಕರೆಯ ಸಹವಾಸ ಬೇಡ. ಸಕ್ಕರೆಯ ದರ ಬೆಳಗಾದರೆ ಪೇಪರಿನಲ್ಲಿ ಬರುತ್ತದೆ; ಕಬ್ಬಿಣವನ್ನು ತಕ್ಕಡಿಗೆ ಹಾಕಿದರೆ ಬಣ್ಣ ಬಯಲು. ಬಟ್ಟೆಯದು ಹಾಗಲ್ಲ. ಒಂದೇ ಫ್ರಾಕಿಗೆ ಆರು ಅಳತೆ, ಹತ್ತು ಬಣ್ಣ, ಎರಡು ಬಗೆಯ ತೋಳು. ಅದರ ಬೆಲೆ ಎಷ್ಟೆಂದು ಹೊಲಿದವರಿಗೂ ಗೊತ್ತಿಲ್ಲ, ಮಾರುವವರಿಗೂ ಗೊತ್ತಿಲ್ಲ. ಯುಗಾದಿಗೆ ಎರಡು ಸಾವಿರ, ಆಷಾಢಕ್ಕೆ ಎಂಟುನೂರು, ಮುಂದಿನ ಯುಗಾದಿಗೆ ನೆಲ ಒರೆಸುವ ಬಟ್ಟೆ. ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಸೂರು ಮುಟ್ಟುವಂತೆ ಪೇರಿಸಿರುತ್ತಾರೆ. ಆಡಿಟರು ವರ್ಷಕ್ಕೊಮ್ಮೆ ಬಂದು, ಕೈಗೆಟುಕುವ ನಾಲ್ಕು ಪೆಟ್ಟಿಗೆ ಬಿಚ್ಚಿಸಿ, ಧೂಳಿಗೆ ಸೀನಿ, ಕಾಫಿ ಕುಡಿದು ಹೋಗುತ್ತಾರೆ. ಸೂರಿಗೆ ಹತ್ತಿರದ ಪೆಟ್ಟಿಗೆಯಲ್ಲಿ ಇರುವುದು ಫ್ರಾಕೋ ಗಾಳಿಯೋ ಎಂದು ಏಣಿ ತರಿಸಿ ನೋಡುವಷ್ಟು ಫೀಸು ಅವರಿಗೂ ಸಿಕ್ಕಿರುವುದಿಲ್ಲ.

ಇನ್ನು ಇದರ ಗಣಿತ. ಹೆದರಬೇಡಿ, ಮಗ್ಗಿ ಬಂದರೆ ಸಾಕು. ವರ್ಷದ ಆರಂಭದಲ್ಲಿದ್ದ ದಾಸ್ತಾನಿಗೆ ಆ ವರ್ಷ ತಯಾರಿಸಿದ್ದರ ಖರ್ಚು ಕೂಡಿಸಿ. ವರ್ಷದ ಕೊನೆಗೆ ಉಳಿದ ದಾಸ್ತಾನನ್ನು ಅದರಿಂದ ಕಳೆಯಿರಿ. ಸಿಗುವುದೇ ಮಾರಿದ ಮಾಲಿನ ವೆಚ್ಚ. ಉಳಿದ ದಾಸ್ತಾನು ಒಂದು ರೂಪಾಯಿ ಹೆಚ್ಚಾಯಿತೋ, ವೆಚ್ಚ ಒಂದು ರೂಪಾಯಿ ಇಳಿಯಿತು, ಲಾಭ ಒಂದು ರೂಪಾಯಿ ಏರಿತು. ಎಂದರೆ, ಮಾರಿ ಗಳಿಸುವ ಲಾಭದಷ್ಟೇ ಸೊಗಸಾದ ಲಾಭವನ್ನು ಮಾರದೆ ಉಳಿಸಿಕೊಂಡೂ ಗಳಿಸಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಹೊಲಿಯದೆಯೂ ಗಳಿಸಬಹುದು. ಸೂಜಿ ಬೇಡ, ದಾರ ಬೇಡ, ಕರೆಂಟು ಬೇಡ, ಓಟಿ ಕೇಳುವ ಕಾರ್ಮಿಕರಂತೂ ಬೇಡವೇ ಬೇಡ. ಒಂದು ಟ್ಯಾಗು, ಅದರ ಮೇಲೆ ಒಂದು ಸಂಖ್ಯೆ. ಫ್ರಾಕು ತಯಾರು.

ಇದು ನನ್ನ ಕಲ್ಪನೆ ಎಂದುಕೊಂಡರೆ ಲೆಸ್ಲಿ ಫೇ ಕಂಪನಿಯ ಹಿರಿಯರು ನೊಂದುಕೊಂಡಾರು. 1947ರಲ್ಲಿ ಫ್ರೆಡ್ ಪೊಮೆರಾಂಟ್ಸ್ ಎಂಬಾತ ನ್ಯೂಯಾರ್ಕಿನಲ್ಲಿ ಶುರುಮಾಡಿ, ಮಗಳ ಹೆಸರಿಟ್ಟು ಬೆಳೆಸಿದ ಕಂಪನಿ. ಮಹಾಯುದ್ಧದ ಕಾಲದಲ್ಲಿ ಸೇನೆಯ ಮಹಿಳೆಯರಿಗೆ ಸಮವಸ್ತ್ರ ಹೊಲಿಸಿಕೊಟ್ಟಿದ್ದ ಮನುಷ್ಯ ಆತ. ಹದಿಹರೆಯ ದಾಟಿದ, ಸಂಸಾರವಂತ ಅಮೆರಿಕನ್ ಹೆಂಗಸರಿಗೆ ಮೈತುಂಬ ಮುಚ್ಚುವ, ಜೇಬಿಗೆ ತೀರಾ ಭಾರವಾಗದ ಡ್ರೆಸ್ಸುಗಳು. ಇದೇ ಅವರ ವ್ಯಾಪಾರ. 1980ರ ದಶಕದ ಕೊನೆಗೆ ಆ ಹೆಂಗಸರಿಗೂ ಜೀನ್ಸ್ ರುಚಿ ಹತ್ತಿತು. ಡ್ರೆಸ್ಸು ಮಾರುವ ಉಳಿದ ಕಂಪನಿಗಳೆಲ್ಲ ತಲೆಯ ಮೇಲೆ ಕೈಹೊತ್ತು ಕೂತವು. ಲೆಸ್ಲಿ ಫೇ ಮಾತ್ರ ಮೂರು ತಿಂಗಳಿಗೊಮ್ಮೆ ನಗುನಗುತ್ತ ಲಾಭ ತೋರಿಸುತ್ತಲೇ ಹೋಯಿತು. ಊರಿಗೆಲ್ಲ ಬರ ಬಂದು ಒಬ್ಬನ ಹೊಲ ಮಾತ್ರ ಹಸಿರಾಗಿದ್ದರೆ ನಮ್ಮ ಹಳ್ಳಿಯಲ್ಲಿ ರಾತ್ರಿ ಕಾಲುವೆ ಒಡೆದವರು ಯಾರು ಎಂದು ಕೇಳುತ್ತಾರೆ. ಷೇರುಪೇಟೆಯಲ್ಲಿ ಚಪ್ಪಾಳೆ ತಟ್ಟುತ್ತಾರೆ.

ಕಂಪನಿಯ ಶೋರೂಮು, ಯಜಮಾನರು, ಮಿರಿಮಿರಿ ಮಿಂಚು ಎಲ್ಲ ನ್ಯೂಯಾರ್ಕಿನಲ್ಲಿ. ಲೆಕ್ಕ ಬರೆಯುವ ಕಚೇರಿ ಮಾತ್ರ ಪೆನ್ಸಿಲ್ವೇನಿಯಾದ ವಿಲ್ಕ್ಸ್‌ಬ್ಯಾರಿ ಎಂಬ ಹಳೆಯ ಕಲ್ಲಿದ್ದಲ ಊರಿನಲ್ಲಿ. ಅಲ್ಲಿ ದೊರೆ ಹಣಕಾಸು ಮುಖ್ಯಸ್ಥ ಪಾಲ್ ಪೊಲಿಶನ್. ಆ ಕಚೇರಿಯನ್ನು ಅಲ್ಲಿನ ನೌಕರರು ತಮ್ಮತಮ್ಮಲ್ಲೇ ‘ಪೊಲಿವರ್ಲ್ಡ್’ ಎಂದು ಕರೆಯುತ್ತಿದ್ದರಂತೆ. ಒಂದು ಕಚೇರಿಗೆ ಅದರ ಸಾಹೇಬನ ಹೆಸರಿನಲ್ಲಿ ಪ್ರತ್ಯೇಕ ಲೋಕವೇ ಸೃಷ್ಟಿಯಾಯಿತು ಎಂದರೆ ಅಲ್ಲಿ ಭೂಗುರುತ್ವದ ನಿಯಮವೂ ಬೇರೆಯೇ ಇರಬೇಕು. ಇತ್ತು. ಬೇರೆ ಕಡೆ ಮೊದಲು ಫ್ರಾಕು ಹೊಲಿಯುತ್ತಾರೆ, ಆಮೇಲೆ ಮಾರುತ್ತಾರೆ, ಕಡೆಗೆ ಎಷ್ಟು ಲಾಭ ಎಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಎಲ್ಲ ತಲೆಕೆಳಗು. ಮೊದಲು ಲಾಭ ನಿಗದಿ. ಆ ಲಾಭಕ್ಕೆ ಒಪ್ಪುವ ಅನುಪಾತಗಳು ಆಮೇಲೆ. ಆ ಅನುಪಾತಕ್ಕೆ ಎಷ್ಟು ಫ್ರಾಕು ಬೇಕೋ ಅಷ್ಟು ಫ್ರಾಕಿನ ಜನನ ಕೊನೆಗೆ, ಅದೂ ಕಾಗದದ ಮೇಲೆ. ತಯಾರಾದ ಫ್ರಾಕುಗಳ ಸಂಖ್ಯೆ ಹಿಗ್ಗಿಸಿದರೆ ಒಂದೊಂದರ ಖರ್ಚು ತಾನೇ ಇಳಿಯುತ್ತದೆ ನೋಡಿ. ದಾಸ್ತಾನು ಎಣಿಸುವ ದಿನ ಬಂತೋ, ನಕಲಿ ಟ್ಯಾಗುಗಳು. ಗೋದಾಮಿನಲ್ಲಿ ಕಳೆದುಹೋಗುವ, ಹರಿದುಹೋಗುವ, ಕದ್ದುಹೋಗುವ ಬಟ್ಟೆಗೆಂದು ಎಲ್ಲರೂ ಸ್ವಲ್ಪ ಕಡಿತ ಬಿಡುತ್ತಾರೆ. ಪೊಲಿವರ್ಲ್ಡಿನಲ್ಲಿ ಏನೂ ಕಳೆಯುತ್ತಿರಲಿಲ್ಲ, ಇಲಿಗೂ ಶಿಸ್ತು. ಇನ್ನೂ ಸಾಲದೆ ಬಂದರೆ ‘ಮಾಲು ದಾರಿಯಲ್ಲಿದೆ’. ದಾರಿಯಲ್ಲಿರುವ ಲಾರಿಯ ಹಿಂದೆ ಆಡಿಟರು ಓಡಿಯಾರೆಯೆ?

1993ರ ಜನವರಿ ಮುಗಿಯುವ ಹೊತ್ತಿಗೆ ಲಾರಿ ನಿಂತಿತು. ಪೊಲಿಶನ್ ಕೈಕೆಳಗಿನ ಕಂಟ್ರೋಲರ್ ಡೊನಾಲ್ಡ್ ಕೆನಿಯಾ, ಸುಳ್ಳು ದಾಖಲೆ ಬರೆದವನು ನಾನೇ, ನಾನೊಬ್ಬನೇ ಎಂದು ತಪ್ಪೊಪ್ಪಿಕೊಂಡ. ಎಂಥ ತ್ಯಾಗ! ಅಷ್ಟೊಂದು ಫ್ರಾಕನ್ನು ಒಬ್ಬ ಗುಮಾಸ್ತನ ಮಟ್ಟದ ಮನುಷ್ಯ ಯಾರಿಗೂ ಗೊತ್ತಾಗದಂತೆ, ಸ್ವಂತಕ್ಕೆ ಹೆಚ್ಚೇನೂ ಲಾಭವಿಲ್ಲದೆ, ಬರೀ ಹವ್ಯಾಸಕ್ಕೆ ಹೆತ್ತ ಎಂಬ ಕತೆಯನ್ನು ಷೇರುಪೇಟೆಯೂ ನಂಬಲಿಲ್ಲ. ಏನನ್ನೂ ನಂಬುವ ಷೇರುಪೇಟೆಯೇ ನಂಬಲಿಲ್ಲ ಎಂದರೆ ಕತೆಯ ಗಟ್ಟಿತನ ಲೆಕ್ಕಹಾಕಿ. ಬಿಡಿಒ ಸೀಡ್‌ಮನ್ ಎಂಬ ಆಡಿಟ್ ಸಂಸ್ಥೆ, ಹಿಂದಿನ ವರ್ಷಗಳ ಲೆಕ್ಕಕ್ಕೆ ತಾನು ಕೊಟ್ಟಿದ್ದ ಸರ್ಟಿಫಿಕೇಟನ್ನು ವಾಪಸು ತೆಗೆದುಕೊಂಡಿತು. ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಸಂಸ್ಥಾಪಕರ ಮಗ, ಕಂಪನಿಯ ಮುಖ್ಯಸ್ಥ ಜಾನ್ ಪೊಮೆರಾಂಟ್ಸ್ ತನಗೇನೂ ಗೊತ್ತಿರಲಿಲ್ಲ ಎಂದರು; ತನಿಖೆಯಲ್ಲಿ ಅವರ ಕೈವಾಡವೂ ಕಂಡುಬರಲಿಲ್ಲ. ಗೊತ್ತಿಲ್ಲದಿರುವುದಕ್ಕೂ ಮುಖ್ಯಸ್ಥರ ಸಂಬಳವೇ ಸಿಗುತ್ತದೆ ಎಂಬುದು ಈ ಪ್ರಕರಣದಿಂದ ನನಗೆ ಹೊಸದಾಗಿ ತಿಳಿದ ಸಂಗತಿ. ಪೊಲಿಶನ್ ಅವರನ್ನು ಜ್ಯೂರಿ 18 ಆರೋಪಗಳಲ್ಲಿ ತಪ್ಪಿತಸ್ಥ ಎಂದದ್ದು 2000ದಲ್ಲಿ. 9 ವರ್ಷದ ಸೆರೆವಾಸ ವಿಧಿಸಿದ್ದು 2002ರಲ್ಲಿ. ನ್ಯಾಯ ಬಂತು, ಆದರೆ ಒಂಬತ್ತು ವರ್ಷ ತಡವಾಗಿ. ಅದೂ ದಾರಿಯಲ್ಲಿತ್ತು ಅಂತ ಕಾಣುತ್ತದೆ.

ಇಷ್ಟರ ನಡುವೆ ನಿಜವಾದ ಫ್ರಾಕು ಹೊಲಿಯುತ್ತಿದ್ದವರು ಏನಾದರು ಎಂದು ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ದಿವಾಳಿಯಾದ ಕಂಪನಿ ಖರ್ಚು ಉಳಿಸಲು ಹೊರಟಿತು. ಎಲ್ಲಿ ಉಳಿಸಬೇಕು? ಹೊಲಿಗೆಯಲ್ಲಿ. ಪೆನ್ಸಿಲ್ವೇನಿಯಾದ ಕೆಲಸವನ್ನು ಮಧ್ಯ ಅಮೆರಿಕದ ಅಗ್ಗದ ಕೂಲಿಗೆ ಸಾಗಿಸುವ ಯೋಜನೆ ಸಿದ್ಧವಾಯಿತು. 1994ರ ಬೇಸಿಗೆಯಲ್ಲಿ ಉಡುಪು ಕಾರ್ಮಿಕರ ಸಂಘದ ಸುಮಾರು 1,800 ಮಂದಿ, ಬಹುಪಾಲು ಹೆಂಗಸರು, ಆರು ವಾರ ಮುಷ್ಕರ ಕೂತರು. ಉಳಿಸಿಕೊಂಡದ್ದು ಕೆಲವು ಕೆಲಸ, ಅದೂ ಕೆಲವು ಕಾಲಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆ ಬಿದ್ದ ಮೇಲೆ ಎಮ್ಮೆಯನ್ನು ಕೊಟ್ಟಿಗೆಯಿಂದಲೇ ಹೊರಗಟ್ಟಿದರು.

ಟ್ಯಾಗಿನ ಮೇಲೆ ಸುಳ್ಳು ಬರೆಯುವ ಸವಲತ್ತು ಎಲ್ಲರಿಗೂ ಇಲ್ಲ ಎಂಬುದನ್ನು ತಿಳಿಯಲು ವಿಲ್ಕ್ಸ್‌ಬ್ಯಾರಿಗೇ ಹೋಗಬೇಕಿಲ್ಲ. ಪೀಣ್ಯಕ್ಕೆ ಹೋಗಿ, ಬೊಮ್ಮನಹಳ್ಳಿಗೆ ಹೋಗಿ. ಯಾವುದಾದರೂ ಗಾರ್ಮೆಂಟ್ಸಿನ ಯಾವುದಾದರೂ ಲೈನಿನ ತುದಿಯಲ್ಲಿ ಬೋರ್ಡೊಂದು ನೇತಾಡುತ್ತಿರುತ್ತದೆ. ಗಂಟೆಗೆ ಎಷ್ಟು ಪೀಸು ಟಾರ್ಗೆಟ್ಟು, ಎಷ್ಟು ಆಯಿತು, ಎಷ್ಟು ಆಲ್ಟರ್‌ಗೆ ವಾಪಸು ಬಂತು, ಎಲ್ಲವನ್ನೂ ಗಂಟೆಗಂಟೆಗೆ ಬರೆಯುತ್ತಾರೆ. ಕಾಲರ್ ಕೂರಿಸುವ ಹೆಣ್ಣುಮಗಳು ಹತ್ತು ಗಂಟೆಯ ಸಾಲಿನಲ್ಲಿ ಐದು ಪೀಸು ಕಡಿಮೆ ಬಿದ್ದಾಗ, ‘ಸಾರ್, ಆ ಐದು ದಾರಿಯಲ್ಲಿವೆ’ ಎಂದು ಹೇಳಿ ನೋಡಲಿ. ಸೂಪರ್‌ವೈಸರ್ ಬಾಯಿಂದ ಬರುವ ಮಾತನ್ನು ಇಲ್ಲಿ ಅಚ್ಚು ಮಾಡಲಾಗದು. ಅವಳು ಬಾತ್‌ರೂಮಿಗೆ ಎದ್ದು ಹೋದ ನಿಮಿಷಕ್ಕೂ ಲೆಕ್ಕವಿದೆ. ಇಂಥವರಿಗೆ ಬ್ಯಾಲೆನ್ಸ್‌ಶೀಟು ಅರ್ಥವಾಗುವುದಿಲ್ಲ ಎಂದುಕೊಂಡವರು 2016ರ ಏಪ್ರಿಲ್ ನೆನಪಿಸಿಕೊಳ್ಳಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂದು ದೆಹಲಿಯಲ್ಲಿ ನಿಯಮ ಬದಲಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ಆಡಿಟರನ್ನೂ ಕೇಳಲಿಲ್ಲ; ಹೊಸೂರು ರಸ್ತೆಗೆ ಇಳಿದು ಎರಡು ದಿನ ಊರನ್ನೇ ನಿಲ್ಲಿಸಿದರು. ನಿಯಮ ವಾಪಸಾಯಿತು. ಅಷ್ಟು ಚುರುಕಾಗಿ ಲೆಕ್ಕ ಸರಿಪಡಿಸಿದ ನಿಯಂತ್ರಣ ಸಂಸ್ಥೆಯನ್ನು ನಾನು ಇನ್ನೂ ಕಾಣಬೇಕಿದೆ.

ನಿಯಂತ್ರಣ ಸಂಸ್ಥೆಯ ಮಾತು ಬಂತಲ್ಲ, ಅಮೆರಿಕದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ ಎಂದರೆ ನಮ್ಮ ಷೇರುಪೇಟೆ ಕಾಯುವ ಸೆಬಿಗೆ ವಯಸ್ಸಿನಲ್ಲೂ ಗತ್ತಿನಲ್ಲೂ ದೊಡ್ಡಣ್ಣ. 1934ರಿಂದ ಇದೆ. ಆಯೋಗದ ಕೈಗೆ ಸಿಕ್ಕಿದ ಬಟ್ಟೆ ಕಂಪನಿಗಳಲ್ಲಿ ನನಗೆ ಅಚ್ಚುಮೆಚ್ಚಿನದು ವಾರ್ನಕೊ. ಕ್ಯಾಲ್ವಿನ್ ಕ್ಲೈನ್ ಹೆಸರಿನ ಜೀನ್ಸು, ಒಳ ಉಡುಪು ಎಲ್ಲ ಮಾಡುತ್ತಿದ್ದ ಕಂಪನಿ. ಅದರ ದಾಸ್ತಾನಿನ ಲೆಕ್ಕದಲ್ಲಿ 14.5 ಕೋಟಿ ಡಾಲರ್ ಹೆಚ್ಚು ತೋರಿಸಿದ್ದು ಬೆಳಕಿಗೆ ಬಂತು. ಲೆಕ್ಕ ಇಡುವ ವ್ಯವಸ್ಥೆಯೇ ಹರಿದು ಚಿಂದಿಯಾಗಿತ್ತು. ಒಳ ಉಡುಪಿನ ಕಂಪನಿಗೆ ಒಳಗಿನ ಹರಕು ಹೊರಗೆ ಕಾಣದಂತೆ ಇರಬೇಕೆಂಬ ವೃತ್ತಿಧರ್ಮ ಇರುವುದು ಸಹಜ. ಹಾಗಾಗಿ 1998ರ ಸಾಲಿಗೆ ದಾಖಲೆಯ ಫಲಿತಾಂಶ ಎಂದು ಪ್ರಕಟಿಸಿದರು. ತೂತಿನ ವಿಷಯ ವಾರ್ಷಿಕ ವರದಿಯಲ್ಲಿ ಹೇಳಲೇಬೇಕಾಗಿ ಬಂದಾಗ, ಹೊಸ ಘಟಕ ಶುರುಮಾಡಿದ ಖರ್ಚನ್ನು ಹೊಸ ನಿಯಮದ ಪ್ರಕಾರ ಬರೆದುಹಾಕಿದ್ದೇವೆ ಎಂದರು. ಕೆಟ್ಟುಹೋದದ್ದಕ್ಕೆ ‘ಶುರುವಾದದ್ದು’ ಎಂದು ಹೆಸರಿಡುವುದು ನಮ್ಮ ಪಾಲಿಕೆಯವರಿಗೆ ಮಾತ್ರ ಗೊತ್ತಿರುವ ವಿದ್ಯೆ ಎಂದುಕೊಂಡಿದ್ದೆ. 2001ರಲ್ಲಿ ಕಂಪನಿ ದಿವಾಳಿ. 2004ರಲ್ಲಿ ಆಯೋಗದ ಕ್ರಮ. ಮುಖ್ಯಸ್ಥೆ ಲಿಂಡಾ ವಾಕ್ನರ್ ಬೋನಸು ಮರಳಿಸಿದರು. ಆಡಿಟರಾದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ 24 ಲಕ್ಷ ಡಾಲರ್ ಕಟ್ಟಿತು. ಯಾರೂ ತಪ್ಪು ಮಾಡಿದ್ದೇವೆ ಎನ್ನಲಿಲ್ಲ. ಮಾಡಿಲ್ಲ ಎಂದೂ ಹೇಳಲಿಲ್ಲ.

ಕಾರ್ಟರ್ಸ್ ಎಂಬ ಇನ್ನೊಂದು ಕಂಪನಿ ಹೊಲಿಯುವುದು ಎಳೆಗೂಸುಗಳ ಬಟ್ಟೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಅವರಿಗೆ ದುಡುಕಲ್ಲ, ಕಸುಬು. ಆದರೆ 2004ರಿಂದ 2009ರವರೆಗೆ ಅಲ್ಲಿನ ಮಾರಾಟ ವಿಭಾಗದ ದೊಡ್ಡ ಅಧಿಕಾರಿಯೊಬ್ಬರು ಇದನ್ನು ಇನ್ನೊಂದು ಹಂತಕ್ಕೆ ಒಯ್ದರು ಎನ್ನುತ್ತದೆ ಆಯೋಗದ ದೂರು. ಕೋಲ್ಸ್ ಎಂಬ ದೊಡ್ಡ ಅಂಗಡಿಗೆ, ಹೆಚ್ಚು ಮಾಲು ತಗೊಳ್ಳಿ, ಮಾರದೆ ಬೆಲೆ ಇಳಿಸಬೇಕಾಗಿ ಬಂದರೆ ಅದರ ನಷ್ಟದಲ್ಲಿ ಇಷ್ಟು ನಾವು ತುಂಬಿಕೊಡುತ್ತೇವೆ ಎಂಬ ಭರವಸೆ. ಚಿಕ್ಕಪೇಟೆಯಲ್ಲೂ ಇದು ಮಾಮೂಲು ವ್ಯವಹಾರ; ಕಡಿತ ಕೊಡದೆ ಯಾವ ಹೋಲ್‌ಸೇಲ್ ಅಂಗಡಿಯ ಷಟರೂ ಮೇಲೇಳುವುದಿಲ್ಲ. ಸೊಗಸು ಇರುವುದು ಮುಂದಿನ ಮಾತಿನಲ್ಲಿ: ಈ ಕಡಿತವನ್ನು ಈಗ ಹಿಡಿದುಕೊಳ್ಳಬೇಡಿ, ಮುಂದಿನ ಅವಧಿಯ ಬಿಲ್ಲಿನಲ್ಲಿ ಹಿಡಿದುಕೊಳ್ಳಿ. ಮಾರಾಟ ಈ ವರ್ಷದ್ದು, ರಿಯಾಯಿತಿ ಮುಂದಿನ ವರ್ಷದ್ದು. ತಮ್ಮದೇ ಲೆಕ್ಕದ ವಿಭಾಗಕ್ಕೆ ಸುಳ್ಳು ಕಾಗದ ಸಹಿ ಮಾಡಿ ಕಳಿಸಿದರೆ ಆಯಿತು. ಮುಂದಿನ ವರ್ಷ ಬಂದಾಗ? ಅದಕ್ಕೂ ಮುಂದಿನ ವರ್ಷವೊಂದು ಇದ್ದೇ ಇರುತ್ತದಲ್ಲ. ಈ ಐದು ವರ್ಷದಲ್ಲಿ ಆ ಅಧಿಕಾರಿ ಷೇರು ಮಾರಿ ಕಂಡ ಲಾಭ ಕನಿಷ್ಠ 47 ಲಕ್ಷ ಡಾಲರ್ ಎಂದು ಆಯೋಗ ಬರೆದಿದೆ. ಆ ಲಾಭವನ್ನು ಮಾತ್ರ ಮುಂದಿನ ಅವಧಿಗೆ ತಳ್ಳಿದಂತೆ ಕಾಣುವುದಿಲ್ಲ.

ಕಾರ್ಟರ್ಸ್ ತಾನೇ ಬಂದು ತಪ್ಪು ತಿಳಿಸಿ ತನಿಖೆಗೆ ಸಹಕರಿಸಿತು. ಆಯೋಗ 2010ರ ಡಿಸೆಂಬರ್‌ನಲ್ಲಿ ಆ ಅಧಿಕಾರಿಯ ಮೇಲೆ ದಾವೆ ಹೂಡಿ, ಕಂಪನಿಯ ಮೇಲೆ ಹೂಡುವುದಿಲ್ಲ ಎಂಬ ಒಪ್ಪಂದ ಮಾಡಿಕೊಂಡಿತು. ಆಯೋಗದ ಚರಿತ್ರೆಯಲ್ಲಿ ಅಂಥ ಒಪ್ಪಂದ ಅದೇ ಮೊದಲು. ವ್ಯಂಗ್ಯ ಬರೆಯುವವನಿಗೆ ಇದು ಕಸಿವಿಸಿಯ ಸಂಗತಿ: ಕಂಪನಿಗೆ ದಂಡ ಹಾಕದೆ, ಮಾಡಿದವನನ್ನೇ ಹಿಡಿದ ಆಯೋಗದ ಈ ಕ್ರಮ ನನಗೆ ಸರಿ ಕಂಡಿತು. ಹೊಗಳಿ ಅಭ್ಯಾಸವಿಲ್ಲ, ಮುಂದೆ ಹೋಗೋಣ.

ಕಂಪನಿಗೆ ದಂಡ ಹಾಕಿದರೆ ತಪ್ಪೇನು ಎಂದು ನೀವು ಕೇಳಬಹುದು. ಕಂಪನಿ ಯಾರದು? ಷೇರುದಾರರದು. ಸುಳ್ಳು ಲೆಕ್ಕ ತೋರಿಸಿ ಮೋಸ ಮಾಡಿದ್ದು ಯಾರಿಗೆ? ಷೇರುದಾರರಿಗೆ. ದಂಡ ಹೋಗುವುದು ಯಾರ ತಿಜೋರಿಯಿಂದ? ಅದೇ ಷೇರುದಾರರ ತಿಜೋರಿಯಿಂದ. ಇದರ ಜೊತೆಗೆ 1972ರಿಂದ ಆಯೋಗ ದಶಕಗಳ ಕಾಲ ನಡೆಸಿಕೊಂಡು ಬಂದ ಇನ್ನೊಂದು ಪದ್ಧತಿ: ರಾಜಿ ಮಾಡಿಕೊಳ್ಳುವವನು ತಪ್ಪನ್ನು ಒಪ್ಪಬೇಕಿಲ್ಲ, ಆದರೆ ಅಲ್ಲಗಳೆಯಲೂ ಬಾರದು. ನಮ್ಮ ಸೆಬಿಯ ರಾಜಿ ಆದೇಶಗಳಲ್ಲೂ ಇದೇ ಮಂತ್ರವಿದೆ, ಆ ವಿಷಯದಲ್ಲಿ ನಾವು ಅಮೆರಿಕಕ್ಕೆ ಕೊಂಚವೂ ಕಡಿಮೆಯಿಲ್ಲ. ಇಂಥ ಒಳ್ಳೆಯ ಪದ್ಧತಿ ದೊಡ್ಡವರಿಗೆ ಮಾತ್ರ ಯಾಕಿರಬೇಕು? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೆಂಪು ದೀಪ ದಾಟಿ, ಮುಂದಿದ್ದ ಸ್ಕೂಟರಿಗೆ ಗುದ್ದಿ ಸಿಕ್ಕಿಬಿದ್ದಿರಿ ಎಂದುಕೊಳ್ಳಿ. ಪೊಲೀಸಪ್ಪನಿಗೆ ಹೇಳಿ ನೋಡಿ: ‘ಸಾರ್, ನಾನು ಸಿಗ್ನಲ್ ಜಂಪ್ ಮಾಡಿದೆ ಅಂತಾನೂ ಹೇಳಲ್ಲ, ಮಾಡಿಲ್ಲ ಅಂತಾನೂ ಹೇಳಲ್ಲ. ದಂಡ ಬೇಕಾದ್ರೆ ಕಟ್ಟೋಣ. ಆದ್ರೆ ನನ್ನ ಜೇಬಿಂದ ಅಲ್ಲ. ಅಗೋ, ಬಿದ್ದಿದಾನಲ್ಲ ಸ್ಕೂಟರಿನವನು, ಅವನ ಜೇಬಿಂದ ತಗೊಳ್ಳಿ.’ ಪೊಲೀಸಪ್ಪ ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಬಾಯಿ ವಾಸನೆ ನೋಡುತ್ತಾನೆ. ಆಯೋಗವಾಗಿದ್ದರೆ ರಸೀದಿ ಹರಿದು ಕೊಟ್ಟು ಪತ್ರಿಕಾ ಹೇಳಿಕೆ ಹೊರಡಿಸುತ್ತಿತ್ತು.

ಹೊರಡಿಸಿದೆ ಕೂಡ. ಬಾಲ್ಟಿಮೋರಿನ ಅಂಡರ್ ಆರ್ಮರ್, ಬೆವರು ಸುರಿಸುವವರಿಗೆಂದೇ ಬಟ್ಟೆ ಮಾಡುವ ಕಂಪನಿ, ಸತತ 26 ತ್ರೈಮಾಸಿಕ ಶೇ 20ಕ್ಕಿಂತ ಹೆಚ್ಚು ಬೆಳವಣಿಗೆ ತೋರಿಸಿ ಬೀಗುತ್ತಿತ್ತು. 2015ರ ಚಳಿಗಾಲದಲ್ಲಿ ಚಳಿಯೇ ಬರಲಿಲ್ಲ. ಬೆಚ್ಚನೆಯ ಅಂಗಿಗಳು ಅಂಗಡಿಯಲ್ಲೇ ಉಳಿದವು. ಶೇ 20ರ ಮಾತು ಮುರಿಯುವುದುಂಟೆ? ಮುಂದಿನ ತ್ರೈಮಾಸಿಕಕ್ಕೆ ಕಳಿಸಿ ಎಂದು ಗಿರಾಕಿಗಳು ಹೇಳಿದ್ದ ಮಾಲನ್ನು ಈಗಲೇ ಕಳಿಸಿ, ಈಗಿನ ಮಾರಾಟಕ್ಕೆ ಸೇರಿಸಿಕೊಂಡರು. ಮುಂದಿನ ಸಲ ಹಳ್ಳ ಇನ್ನೂ ಆಳವಾಗಿತ್ತು, ಅದನ್ನು ಮುಚ್ಚಲು ಅದರ ಮುಂದಿನದರಿಂದ ಮಣ್ಣು ತೋಡಿದರು. ಆರು ತ್ರೈಮಾಸಿಕದಲ್ಲಿ ಹೀಗೆ ಮುಂಚಿತವಾಗಿ ಎಳೆದುಕೊಂಡ ಆರ್ಡರು 40.8 ಕೋಟಿ ಡಾಲರ್. ಇಲ್ಲಿ ಫ್ರಾಕು ಮಾಯೆಯಲ್ಲ, ಮಾಲು ನಿಜ, ಬಿಲ್ಲೂ ನಿಜ; ಬೆಳವಣಿಗೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಮಾತ್ರ ಷೇರುದಾರರ ಕಿವಿಗೆ ಹಾಕಲಿಲ್ಲ ಎಂಬುದು ಆಯೋಗದ ತಕರಾರು. 2021ರ ಮೇ ತಿಂಗಳಲ್ಲಿ ದಂಡ 90 ಲಕ್ಷ ಡಾಲರ್. ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಷೇರುದಾರರು ಸುಮ್ಮನಿರಲಿಲ್ಲ. ತಾವೇ ಕೋರ್ಟಿಗೆ ಹೋಗಿ ಏಳು ವರ್ಷ ಹೋರಾಡಿದರು. 2024ರಲ್ಲಿ ಕಂಪನಿ 43.4 ಕೋಟಿ ಡಾಲರಿಗೆ ರಾಜಿಗೆ ಬಂತು, ಆಯೋಗದ ದಂಡದ ನಲವತ್ತೆಂಟು ಪಟ್ಟು. ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ 2015ರಲ್ಲಿ ಆ ಷೇರು ಕೊಂಡು, ಪಾಪ, ಇವತ್ತಿಗೂ ಮಾರದೆ ಕೂತಿರುವ ಒಬ್ಬನಿದ್ದಾನೆ ಎಂದುಕೊಳ್ಳಿ. ಪರಿಹಾರದ ಚೆಕ್ಕು ಅವನಿಗೇ ಬರುತ್ತದೆ. ಚೆಕ್ಕಿನ ಮೇಲೆ ಸಹಿ ಹಾಕುವ ಕಂಪನಿಯೂ ಅವನದೇ. ಎಡ ಜೇಬಿನಿಂದ ಬಲ ಜೇಬಿಗೆ, ನಡುವೆ ವಕೀಲರ ಫೀಸು ಕಳೆದು.